ಬೆರ್ಚಪ್ಪನಿಗೆ ಮಂಜೂರಾದ ಮೇವು

ಹೊಲ ಉಳುವವರಿಗೆಂದು ಸರ್ಕಾರ ಮೇವಿನ ಸಬ್ಸಿಡಿ ಕೊಟ್ಟಿತು. ಸಮೀಕ್ಷೆಗೆ ಅಧಿಕಾರಿಗಳು ಬಂದಾಗ ಎತ್ತು ನೀರು ಕುಡಿಯಲು ಕೆರೆಗೆ ಹೋಗಿತ್ತು. ಅವರು ಹಕ್ಕಿ ಬೆದರಿಸಲು ಹೊಲದಲ್ಲಿ ನಿಲ್ಲಿಸಿದ್ದ ಬೆರ್ಚಪ್ಪನ ಫೋಟೊ ತೆಗೆದು, ಹುಲ್ಲನ್ನೆಲ್ಲ ಅವನ ಅಂಗಿಯೊಳಗೇ ತುಂಬಿಸಿ ಹೋದರು.

ಹಸಿದು ಬಂದ ಎತ್ತು ಕೇಳಿತು: "ಬೆರ್ಚಪ್ಪನವರೇ, ಉತ್ತವನು ನಾನಲ್ಲವೇ?"

"ಇರಬಹುದಪ್ಪಾ. ಆದರೆ ಸಬ್ಸಿಡಿ ಯಾರಿಗೆ ಬೇಕು ಎಂದು ಸಾಹೇಬರು ಕೇಳಿದಾಗ ಕೈ ಚಾಚಿಕೊಂಡಿದ್ದವನು ನಾನು."

"ನೀವು ಹುಟ್ಟಿದಾಗಿನಿಂದಲೂ ಹಾಗೇ ನಿಂತಿದ್ದೀರಲ್ಲ!"

"ಅದನ್ನು ಅವರು ಕೇಳಲಿಲ್ಲ. ತಕರಾರಿದ್ದರೆ ಮೇಲ್ಮನವಿ ಹಾಕಿಕೋ, ಹೋಗು."

ಎತ್ತು ಎಲ್ಲಿಗೂ ಹೋಗಲಿಲ್ಲ. ಅವನ ಅಂಗಿಯ ಗುಂಡಿ ಕಿತ್ತು, ಒಳಗೆ ಮೂತಿ ತೂರಿಸಿತು.

"ಅಯ್ಯೋ, ನನ್ನ ಹೊಟ್ಟೆ! ಇದೇನೋ ಇದು?" ಎಂದು ಬೆರ್ಚಪ್ಪ ಕಿರುಚಿದ.

"ಮೇಲ್ಮನವಿ," ಎಂದಿತು ಎತ್ತು, ಬಾಯಿತುಂಬ ಹುಲ್ಲು ಅಗಿಯುತ್ತಾ.