ಬರಿಮನೆಯಲ್ಲಿ ಬಿದ್ದ ಟೆಸ್ಟ್

ನೀವಂತೂ ನಂಬಲಾರಿರಿ, ಬಿಡಿ. ನಮ್ಮ ಸೀಮೆಯಲ್ಲಿ ಮೈಲಾರಿಯ ಬಾಯಿಗೆ ಎದುರು ನಿಂತ ಮಗ ಇನ್ನೂ ಹುಟ್ಟಿರಲಿಲ್ಲ. ಅಂಥವನ ಬಾಯಿ ಹಾಡುಹಗಲಲ್ಲಿ ಕಟ್ಟಿಹೋಯಿತು ಅಂದರೆ ನಗುತ್ತೀರಿ. ನಗಿ. ಸುಳ್ಳು ಅನ್ನುವ ಗಂಡಸುತನ ಇದ್ದವರು ಕಡೆತನಕ ಕೂತು ಕೇಳಿ, ಆಮೇಲೆ ಅನ್ನಿ.

ಹೊಳೆದಂಡೆಯಲ್ಲಿ ಒಂದು ಹಂಚಿನ ಮನೆ. ಊರವರು ಅದನ್ನು ಆಶ್ರಮ ಅನ್ನುತ್ತಿದ್ದರು, ಅರ್ಧ ಭಕ್ತಿಗೆ, ಅರ್ಧ ಗೇಲಿಗೆ. ಅಲ್ಲಿ ಜಪ ಇಲ್ಲ, ಹೋಮ ಇಲ್ಲ. ಇದ್ದದ್ದು ನಾಲ್ಕಾರು ಕಂಪ್ಯೂಟರು, ಮತ್ತು ಅಕ್ಕೋರು.

ಅಕ್ಕೋರು ಅಂದರೆ ಗುರುಬಸವ್ವ. ಎಲ್ಲೆಲ್ಲಿಯವರೋ ಬರೆದು ಪುಕ್ಕಟೆ ಹಂಚಿದ ಸಣ್ಣ ಸಣ್ಣ ಪೈಥಾನ್ ಭಾಷೆಯ ಪ್ರೋಗ್ರಾಂ ತುಣುಕುಗಳನ್ನು, ಅಂದರೆ ಮಾಡ್ಯೂಲುಗಳನ್ನು ಓದಿ, ಪ್ಯಾಕೇಜು ಕಟ್ಟಿ, ಯಂತ್ರ ನಡೆಸುವ ಲಿನಕ್ಸ್ ಅನ್ನುವ ವ್ಯವಸ್ಥೆಗೆ ಸೇರಿಸುವುದು ಅವರ ಕೆಲಸ. ಕಟ್ಟಿ ಮುಗಿದ ಮೇಲೆ ಸಹಿ. ಆ ಸಹಿ ಬಿತ್ತೆಂದರೆ ಪ್ಯಾಕೇಜು ಕಾಣದ ಊರುಗಳ ಯಂತ್ರಗಳಿಗೆಲ್ಲ ತಾನೇ ಹೋಗಿ ಕೂರುತ್ತದೆ. ಆಮೇಲೆ ಯಾರೂ ಬಿಚ್ಚಿ ನೋಡುವುದಿಲ್ಲ.

ಅಕ್ಕೋರಿಗೆ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲೆ ಬಂದದ್ದನ್ನೆಲ್ಲ ಅವರ ಯಂತ್ರವೇ ಕನ್ನಡದಲ್ಲಿ ಓದಿ ಹೇಳುತ್ತಿತ್ತು. ದಿನವಿಡೀ ಆ ದನಿ ಮನೆಯಲ್ಲಿ ಗುನುಗುನು ಅನ್ನುತ್ತಲೇ ಇರುತ್ತಿತ್ತು. ಹೊಳೆಯ ಸದ್ದಿನ ಹಾಗೆ ಅದೂ ಕೆಲದಿನಕ್ಕೆ ಕಿವಿಗೆ ಬೀಳದಂತಾಗುತ್ತಿತ್ತು.

ಮೈಲಾರಿ ಬಂದದ್ದು ಸಹಿಯ ಕೀಗಾಗಿ, ಅಂದರೆ ಸಹಿ ಹಾಕಲು ಬೇಕಾದ ಗುಟ್ಟಿನ ಸಂಕೇತಕ್ಕಾಗಿ. ಕೀ ಸಿಕ್ಕರೆ ಅವನು ಕಟ್ಟಿದ್ದು ಅವನ ಸಹಿಯಲ್ಲೇ ಹೊರಗೆ ಹೋಗುತ್ತದೆ, ಯಾರೂ ಮುಟ್ಟಿ ನೋಡಬೇಕಾಗಿಲ್ಲ. ಕುರಿದೊಡ್ಡಿಯಿಂದ ಸೀದಾ ಲಿನಕ್ಸಿಗೆ ಬಂದ ಗಂಡು ತಾನು, ಕೀ ಇಲ್ಲದೆ ಊರಿಗೆ ಕಾಲಿಡುವುದಿಲ್ಲ ಅಂತ ಸೋದರಮಾವನ ಎದುರು ಮೀಸೆ ಮುಟ್ಟಿ ಹೇಳಿ ಬಂದಿದ್ದ.

ಆಶ್ರಮದಲ್ಲಿ ಒಂದು ಪದ್ಧತಿ. ಯಾವ ಪ್ಯಾಕೇಜನ್ನೂ ಸ್ವಂತ ಯಂತ್ರದಲ್ಲಿ ಕಟ್ಟುವ ಹಾಗಿಲ್ಲ. ಪ್ರತಿ ಸಲವೂ ಹೊಸದಾಗಿ ಒಂದು ಬರಿದಾದ ಲಿನಕ್ಸನ್ನು ಎಬ್ಬಿಸಿ, ಅದರೊಳಗೆ ಕಟ್ಟಬೇಕು. ತನಗೆ ಇಂಥಿಂಥದ್ದು ಬೇಕು ಅಂತ ಪ್ಯಾಕೇಜು ಬಾಯಿಬಿಟ್ಟು ಕೇಳಿದ್ದಷ್ಟೇ ಅದರೊಳಗೆ ಬರುತ್ತದೆ, ಬೇರೇನೂ ಇಲ್ಲ. ಅದಕ್ಕೆ ಅವರು ಬರಿಮನೆ ಅನ್ನುತ್ತಿದ್ದರು. ಅಲ್ಲಿ ಮಾಡ್ಯೂಲು ಸರಿಯಾಗಿ ನಡೆಯುತ್ತದೋ ಅಂತ ಪರೀಕ್ಷಿಸುವ ಟೆಸ್ಟುಗಳೆಲ್ಲ ದಾಟಬೇಕು. ದಾಟಿದರೆ ಪ್ಯಾಕೇಜು, ಇಲ್ಲದಿದ್ದರೆ ಇಲ್ಲ.

ಹಿರಿಯ ಶಿಷ್ಯೆ ಜೈತುನಬಿ ಒಂದು ಮಾಡ್ಯೂಲನ್ನು ಹಿಡಿದರೆ ಬೆಳಗಿಂದ ಸಂಜೆತನಕ ಅದರ ಸಾಲು ಸಾಲನ್ನೂ ಓದುತ್ತಿದ್ದಳು. ಮೈಲಾರಿಗೆ ಅದನ್ನು ನೋಡಿದರೆ ನಗು.

ಅವನು ಒಂದು ಸ್ಕ್ರಿಪ್ಟ್ ಬರೆದ. ಮಾಡ್ಯೂಲಿನ ಹೆಸರು ಕೊಟ್ಟರೆ ಸಾಕು, ಅದೇ ಇಳಿಸಿಕೊಂಡು, ಅದೇ ಬರಿಮನೆ ಎಬ್ಬಿಸಿ, ಅದೇ ಕಟ್ಟಿ ಕೊಡುತ್ತಿತ್ತು. ಮೈಲಾರಿ ಚಹಾ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ ಪ್ಯಾಕೇಜು ಸಿದ್ಧ. ಕಣದಲ್ಲಿ ರಾಶಿ ಹಾಕಿದ ಹಾಗೆ ಪ್ಯಾಕೇಜುಗಳನ್ನು ರಾಶಿ ಹಾಕಿದ.

ರಾಶಿಯ ತುದಿಗೆ ಒಂದು ಮಾಡ್ಯೂಲು ತಕರಾರು ತೆಗೆಯಿತು. ಮೈಲಾರಿಯ ಸ್ವಂತ ಯಂತ್ರದಲ್ಲಿ ಚೆನ್ನಾಗಿ ಓಡುತ್ತಿದ್ದದ್ದು ಬರಿಮನೆಯಲ್ಲಿ ಒಂದು ಟೆಸ್ಟಿನ ಹತ್ತಿರ ಬಂದು ಬೀಳುತ್ತಿತ್ತು. ಅವನು ಇನ್ನೊಮ್ಮೆ ಓಡಿಸಿದ, ಮತ್ತೆ ಬಿತ್ತು. ತನ್ನಲ್ಲಿ ಓಡುತ್ತದೆ ಅಂದ ಮೇಲೆ ಮಾಡ್ಯೂಲು ಸರಿಯೇ ಇದೆ, ತಪ್ಪು ಟೆಸ್ಟಿನದು ಅಂತ ತೀರ್ಮಾನಿಸಿದ. ಟೆಸ್ಟನ್ನು ಕಿತ್ತುಹಾಕಿದ. ಪ್ಯಾಕೇಜು ಗಪ್‌ಚಿಪ್ ಕಟ್ಟಿಕೊಂಡಿತು.

ರಾಶಿಯನ್ನೆಲ್ಲ ಅಕ್ಕೋರ ಮುಂದೆ ಸುರಿದು, ಸ್ಕ್ರಿಪ್ಟಿನ ಮಹಿಮೆಯನ್ನು ಕೊಂಡಾಡಿದ. ಜೈತುನಬಿ ಒಂದು ಕಟ್ಟುವುದರೊಳಗೆ ತನ್ನದು ಒಂದು ಬಂಡಿ ಕಟ್ಟುತ್ತದೆ ಅಂದ. ಇನ್ನು ಕೀ ಕೊಡುವುದಕ್ಕೆ ಅಡ್ಡಿ ಏನು ಅಂತಲೂ ಕೇಳಿದ.

ಜೈತುನಬಿ ತನ್ನ ಪರದೆಯಿಂದ ಕಣ್ಣು ಎತ್ತದೆ, ಮೈಲಾರಿಯಣ್ಣ ಕಟ್ಟೂ ಬಂಡಿಗೆ ಗಾಲಿ ಅದಾವೇನು, ಒಮ್ಮೆ ನೋಡ್ರಿ ಅಂದಳು.

ಅಕ್ಕೋರು ನಕ್ಕರು. "ಟೆಸ್ಟ್ ಎಲ್ಲಾ ದಾಟ್ಯಾವೇನಪಾ?"

"ಒಂದು ಬಿದ್ದಿತ್ರೀ ಅಕ್ಕಾರ. ಹಳೇ ಕಾಲದ್ದು. ತಗದು ಒಗದೆ."

"ಯಾಕ ಬಿದ್ದಿ ಅಂತ ಅದನ್ನ ಕೇಳಿದ್ಯಾ?"

"ಟೆಸ್ಟ್ ಏನ್ ಮಾತಾಡತೈತ್ರೀ."

ಅಕ್ಕೋರು ಕುರ್ಚಿಯನ್ನು ಹಿಂದೆ ಸರಿಸಿ, ತಮ್ಮ ಕೀಬೋರ್ಡನ್ನು ಅವನತ್ತ ತಳ್ಳಿದರು.

"ಹಂಗಾರ ಆ ಪ್ಯಾಕೇಜ್ ನನ್ನ ಯಂತ್ರಕ್ಕ ಹಾಕು."

ಮೈಲಾರಿಗೆ ಅಷ್ಟೇ ಬೇಕಾಗಿತ್ತು. ಎದೆಯುಬ್ಬಿಸಿ ಕೂತು, ಬೆರಳು ಮುರಿದುಕೊಂಡು, ಅದೇ ಮಾಡ್ಯೂಲಿನ ಹಳೆಯ ಆವೃತ್ತಿಯನ್ನು ತೆಗೆದು ತನ್ನದನ್ನು ಹಾಕಿದ. ಹಾಕುತ್ತಿದ್ದುದನ್ನು ಯಂತ್ರ ತನ್ನ ಗುನುಗು ದನಿಯಲ್ಲಿ ಓದಿ ಹೇಳುತ್ತಿತ್ತು.

ನಡುಮಾತಿನಲ್ಲಿ ದನಿ ನಿಂತಿತು.

ಮೈಲಾರಿ ಒಂದು ಗುಂಡಿ ಒತ್ತಿದ. ಇನ್ನೊಂದು ಒತ್ತಿದ. ಪರದೆಯ ಮೇಲೆ ಅಕ್ಷರ ಬರುತ್ತಿದ್ದವು, ದನಿ ಬರಲಿಲ್ಲ. ಆವತ್ತು ಮೊದಲ ಸಲ ಅವನಿಗೆ ಆ ಮನೆಯೊಳಗೆ ಹೊಳೆಯ ಸದ್ದು ಕೇಳಿಸಿತು.

ಅಕ್ಷರವನ್ನು ದನಿ ಮಾಡುವ ಮಾಡ್ಯೂಲೇ ಅದು ಅಂತ ಅವನಿಗೆ ಗೊತ್ತಿರಲಿಲ್ಲ, ಅದನ್ನು ಅವನು ಓದಿಯೇ ಇರಲಿಲ್ಲ. ಕಟ್ಟಲಿಕ್ಕೆ ಸ್ಕ್ರಿಪ್ಟ್ ಇತ್ತಲ್ಲ.

ಅಕ್ಕೋರು ಕೈಚಾಚಿ ಕೀಬೋರ್ಡನ್ನು ಹುಡುಕಿ, ಒಂದು ಗುಂಡಿ ಒತ್ತಿ, ಕಿವಿಗೊಟ್ಟರು. ಇನ್ನೊಮ್ಮೆ ಒತ್ತಿದರು. ಕತ್ತಲೆಯಲ್ಲಿ ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟವರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ.

ಈಗಲೇ ಹಳೆಯದನ್ನು ತಿರುಗಿ ಹಾಕುತ್ತೇನೆ, ಒಂದು ಗಳಿಗೆಯ ಕೆಲಸ ಅಂತ ಮೈಲಾರಿ ತೊದಲಿದ. ಅಕ್ಕೋರು ಅವನ ಮಣಿಕಟ್ಟು ಹಿಡಿದರು.

"ಬ್ಯಾಡ. ಇರಲಿ. ನೀ ಕಟ್ಟಿದ್ದು ಹೆಂಗ ಇರತೈತಿ ಅಂತ ನಾನೂ ತಿಳೀತೀನಿ."

"ಅಕ್ಕಾರ, ನಿಮಗ ಗೊತ್ತಿತ್ತೇನ್ರೀ, ಹಿಂಗಾಗತೈತಿ ಅಂತ?"

"ಟೆಸ್ಟ್ ಬಿದ್ದಿದ್ದು ಗೊತ್ತಿತ್ತು. ಹೇಳಿದವ ನೀನ."

ಮೈಲಾರಿ ಬಾಯಿ ತೆರೆದ. ಮಾತು ಬರಲಿಲ್ಲ. ನಾನು ಹೇಳಿದ್ದು ಇದನ್ನೇ. ಜೈತುನಬಿ ಅಲ್ಲೇ ಇದ್ದಳು, ಬೇಕಾದರೆ ಕೇಳಿಕೊಳ್ಳಿ.

ಅಂದಿನಿಂದ ಅಕ್ಕೋರಿಗೆ ಬಂದ ಪತ್ರಗಳನ್ನು ಮೈಲಾರಿಯೇ ಓದಿ ಹೇಳಬೇಕಾಯಿತು. ಮೊದಲ ಪತ್ರವನ್ನು ಅವನು ಗಾಡಿ ಇಳಿಜಾರಿಗೆ ಬಿದ್ದ ಹಾಗೆ ಓದಿದ. ಅಕ್ಕೋರು ತಡೆದರು. ಎಲ್ಲಿ ಮಾತು ಮುಗಿಯಿತು, ಎಲ್ಲಿ ಶುರುವಾಯಿತು ಒಂದೂ ತಿಳಿಯಲಿಲ್ಲ, ಉಸಿರು ತಗೊಂಡು ಓದು ಅಂದರು. ಅವನು ಮೊದಲಿಂದ ಓದಿದ.

ಅದರಲ್ಲೊಂದು ಪತ್ರ ಒಬ್ಬ ಶಾಲೆ ಮಾಸ್ತರರದು. ಅವರಿಗೂ ಕಣ್ಣಿಲ್ಲ. ಇದೇ ದನಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಮಕ್ಕಳಿಗೆ ಪಾಠ ಮಾಡುತ್ತಿದ್ದರು. ನಿಮ್ಮ ಸಹಿ ಇದ್ದದ್ದನ್ನು ಬಂದ ದಿನವೇ ಹಾಕಿಕೊಳ್ಳುತ್ತೇನೆ, ನೋಡಲು ಹೋಗುವುದಿಲ್ಲ, ನೋಡಲು ನನಗೆ ಕಣ್ಣಾದರೂ ಎಲ್ಲಿವೆ ಅಂತ ತಮಾಷೆಯಾಗಿ ಬರೆದಿದ್ದರು.

ಮೈಲಾರಿ ಅಲ್ಲಿಗೆ ನಿಂತ. ಟೆಸ್ಟು ಕಿತ್ತ ಆ ಪ್ಯಾಕೇಜಿಗೆ ಇನ್ನೂ ಸಹಿ ಬಿದ್ದಿರಲಿಲ್ಲ. ಕೀ ತನ್ನ ಕೈಯಲ್ಲಿ ಇದ್ದಿದ್ದರೆ ಬಿದ್ದಿರುತ್ತಿತ್ತು. ಮಕ್ಕಳ ಎದುರು, ಪಾಠದ ನಡುವೆ, ಆ ಮಾಸ್ತರರ ಕಿವಿಯಲ್ಲಿ ದನಿ ನಿಂತುಹೋಗಿರುತ್ತಿತ್ತು.

"ಯಾಕಪಾ, ಪತ್ರ ಮುಗೀತೇನು?" ಅಂದರು ಅಕ್ಕೋರು.

"ಇಲ್ರೀ. ಉಸಿರು ತಗೊಳ್ಳಾಕತ್ತೇನ್ರಿ."

ಅವನು ಎದ್ದುಹೋಗಿ ಕಿತ್ತ ಟೆಸ್ಟನ್ನು ಇದ್ದ ಜಾಗಕ್ಕೆ ತಿರುಗಿ ಇಟ್ಟ. ಬರಿಮನೆ ಎಬ್ಬಿಸಿದ. ಟೆಸ್ಟು ಬಿತ್ತು. ಈ ಸಲ ಅದು ಬೀಳುತ್ತ ಏನು ಹೇಳಿತು ಅಂತ ಓದಿದ. ಅದು ಮೊದಲಿಂದಲೂ ಒಂದೇ ಮಾತು ಹೇಳುತ್ತಿತ್ತು: ನನಗೆ ಇನ್ನೊಂದು ಸಣ್ಣ ಮಾಡ್ಯೂಲು ಬೇಕು, ಅದು ಇಲ್ಲಿ ಇಲ್ಲ.

ಆ ಸಣ್ಣ ಮಾಡ್ಯೂಲು ಮೈಲಾರಿಯ ಸ್ವಂತ ಯಂತ್ರದಲ್ಲಿತ್ತು. ಯಾವಾಗಲೋ ಗೆಳೆಯರೆದುರು ಮೆರೆಯಲು ಏನೇನೋ ಇಳಿಸಿಕೊಂಡಾಗ ಅದೂ ಬಂದು ಕೂತಿತ್ತು. ಅವನು ಮರೆತಿದ್ದ. ಹೊಸ ಆವೃತ್ತಿಗೆ ಅದು ಬೇಕು ಅಂತ ಅವನ ಪ್ಯಾಕೇಜು ಕೇಳಿರಲಿಲ್ಲ, ಕೇಳಬೇಕು ಅಂತ ಅವನು ಬರೆದಿರಲಿಲ್ಲ. ಹಾಗಾಗಿ ಅವನಲ್ಲಿ ಓಡಿತು, ಅಕ್ಕೋರಲ್ಲಿ ಮೂಕಾಯಿತು.

ಸ್ಕ್ರಿಪ್ಟನ್ನು ಪಕ್ಕಕ್ಕಿಟ್ಟು ಸಣ್ಣ ಮಾಡ್ಯೂಲನ್ನು ಬಿಚ್ಚಿದ. ಜೈತುನಬಿಯ ಪಕ್ಕದಲ್ಲೇ ಕೂತು, ಅವಳ ಹಾಗೇ ಸಾಲು ಸಾಲು ಓದಿದ. ಅವಳು ಗಾಲಿಯ ಸುದ್ದಿ ಎತ್ತಲಿಲ್ಲ. ಚಹಾ ಆರಿಹೋಗಿದೆ ಅಂತಷ್ಟೇ ನೆನಪು ಮಾಡಿದಳು.

ಉದ್ದನೆಯ ವಾಕ್ಯದಲ್ಲಿ ದನಿ ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಗುರುತು ಹಾಕುವುದು ಆ ಮಾಡ್ಯೂಲಿನ ಕೆಲಸ. ಅಷ್ಟೇ. ಬರೆದವರಿಗೆ ಮೈಲಾರಿ ಪತ್ರ ಹಾಕಿದ. ಉತ್ತರ ಬರಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಅವರ ಮನೆಯವರು ಹಾಕಿದ್ದ ಒಂದು ಪುಟ ಸಿಕ್ಕಿತು. ಅವರು ತೀರಿಹೋಗಿದ್ದರು. ಬಾಗಿಲು ತೆಗೆದಿಟ್ಟ ಮನೆಯ ಹಾಗೆ ಮಾಡ್ಯೂಲು ಹಾಗೇ ಉಳಿದಿತ್ತು.

ಅದನ್ನು ಅವನು ಕೈಯಲ್ಲೇ ಕಟ್ಟಿದ. ಆಮೇಲೆ ದನಿಯ ಪ್ಯಾಕೇಜಿನಲ್ಲಿ, ನನಗೆ ಇದು ಬೇಕು ಅಂತ ಕೇಳುವ ಸಾಲನ್ನು ಬರೆದ. ಬರಿಮನೆಯಲ್ಲಿ ಟೆಸ್ಟು ದಾಟಿತು. ಸುಮ್ಮನಿರಲಾಗದೆ ಬರಿಮನೆಯನ್ನು ಕೆಡವಿ, ಹೊಸದನ್ನು ಎಬ್ಬಿಸಿ, ಮತ್ತೆ ಕಟ್ಟಿದ.

ಬೆಳಗಿನ ಬಿಸಿಲು ಪಡಸಾಲೆಗೆ ಬಂದ ಹೊತ್ತಿಗೆ ಎರಡನ್ನೂ ಅಕ್ಕೋರ ಯಂತ್ರಕ್ಕೆ ಹಾಕಿದ. ಬೆರಳು ಮುರಿದುಕೊಳ್ಳಲಿಲ್ಲ.

ಗುನುಗು ದನಿ ಬಂತು. ಮಾಸ್ತರರ ಪತ್ರವನ್ನು ಮೊದಲಿಂದ ಓದತೊಡಗಿತು. ನಡುವೆ ನಿಂತಿತು. ಮೈಲಾರಿ ಎದ್ದು ಪರದೆಯತ್ತ ಬಾಗಿದ. ದನಿ ಉಸಿರು ತೆಗೆದುಕೊಂಡು ಮುಂದಕ್ಕೆ ಓದಿತು.

ಅಕ್ಕೋರು ಪತ್ರವನ್ನು ಕೊನೆಯತನಕ ಕೇಳಿದರು. ಸಣ್ಣ ಮಾಡ್ಯೂಲಿನ ಬಗ್ಗೆ ವಿಚಾರಿಸಿದರು. ಬರೆದವರು ತೀರಿಕೊಂಡದ್ದನ್ನು ಮೈಲಾರಿ ಹೇಳಿದ.

"ಕೀ ಕೇಳಲಿಲ್ಲಲ್ಲೋ ಇವತ್ತು?"

"ಇನ್ನೊಂದು ಸಲ ಬರಿಮನೆಯಾಗ ಕಟ್ಟಿ ನೋಡಬೇಕಂತ ಐತ್ರೀ ಅಕ್ಕಾರ. ಆಮ್ಯಾಲ ನೀವ ಸಹಿ ಹಾಕ್ರಿ."

ಅಕ್ಕೋರು ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡು ಒಂದು ಸಾಲು ಬರೆದರು. ಬರೆದದ್ದನ್ನು ಯಂತ್ರ ಓದಿ ಹೇಳಿತು: ಸಣ್ಣ ಮಾಡ್ಯೂಲಿನ ಹೆಸರು, ನೋಡಿಕೊಳ್ಳುವವರು ಅನ್ನುವ ಪದ, ಅದರ ಮುಂದೆ ಮೈಲಾರಿಯ ಹೆಸರು.

"ಕೀ ಆಮ್ಯಾಲ ನೋಡೂಣು," ಅಂದರು ಅಕ್ಕೋರು. "ಈಗ ನಿನಗ ಇದೊಂದ ಕೊಡತೀನಿ. ಇದಕ್ಕ ಯಾರೂ ಇಲ್ಲ."