ಅಂದದ ಪುಟದಲ್ಲಿ ಹತ್ತೊಂಬತ್ತು ತಪ್ಪು

“ಗುರುಗಳೇ, ತೆರೆಯ ಮೇಲೆ ಸ್ವರಗಳನ್ನು ಎತ್ತಿ ಎತ್ತಿ ಕೂರಿಸುವ ತಂತ್ರಾಂಶ ಬಂದಿದೆ. ಅದರಲ್ಲಿ ಮಾಡಿದ ಪುಟ ಅಚ್ಚಾದ ಪುಸ್ತಕದ ಹಾಗೆ ಕಾಣುತ್ತದೆ. ಹಾಗಿದ್ದೂ ನೀವು ನಮ್ಮಿಂದ ಬರಿಯ ಅಕ್ಷರಗಳಲ್ಲಿ ಸ, ರಿ, ಗ, ಮ ಎಂದು ಸಾಲುಸಾಲಾಗಿ ಏಕೆ ಟೈಪು ಮಾಡಿಸುತ್ತೀರಿ?”

ಶಿಷ್ಯನ ದನಿಯಲ್ಲಿ ಬೇಸರವಿತ್ತು. ಬೆಳಗಿನಿಂದ ಅವನು ಒಂದೇ ಹಾಡಿನ ಮುಂದೆ ಕುಳಿತಿದ್ದ. ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿ ಈ ಕತೆ ಹೇಳಿದರು.

ನೇಕಾರರ ಊರೊಂದರಲ್ಲಿ ಒಂದು ಸಂಗೀತ ಶಾಲೆ ಇತ್ತು. ಅಲ್ಲಿ ಶಿವಲೀಲಾ ಎಂಬ ಶಿಕ್ಷಕಿ ಹಾರ್ಮೋನಿಯಂ ಕಲಿಸುತ್ತಿದ್ದಳು. ಆರನೆಯ ವಯಸ್ಸಿನಲ್ಲಿ ಜ್ವರ ಬಂದು ಅವಳ ಎರಡು ಕಣ್ಣೂ ಹೋಗಿದ್ದವು. ಅದರ ಬಗ್ಗೆ ಯಾರಾದರೂ ಮರುಗಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಯಾರಾದರೂ ಶ್ರುತಿ ತಪ್ಪಿದರೆ ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ಅವಳ ಬಳಿ ಒಂದು ಕಂಪ್ಯೂಟರ್ ಇತ್ತು. ಒತ್ತಿದ ಪ್ರತಿ ಅಕ್ಷರವನ್ನೂ ಅದು ಬಾಯಿಬಿಟ್ಟು ಓದುತ್ತಿತ್ತು. ಅವಳು ತನ್ನ ಹಾಡುಗಳನ್ನೆಲ್ಲ ಅದರಲ್ಲಿ ಸರಳ ಅಕ್ಷರಗಳಲ್ಲಿ ಬರೆದಿಡುತ್ತಿದ್ದಳು. ಕೋಮಲ ಗಾಂಧಾರವಾದರೆ ಗ ಮತ್ತು ಒಂದು, ಶುದ್ಧ ಗಾಂಧಾರವಾದರೆ ಗ ಮತ್ತು ಎರಡು. ಸ್ವರ ಎಳೆಯಬೇಕಾದ ಕಡೆ ಅಲ್ಪವಿರಾಮ. ಪ್ರತಿ ಸಾಲಿನ ಮೊದಲಿಗೆ ಅದು ಯಾರ ಸಾಲು ಎಂಬುದು: ಹೆಂಗಸರು, ಗಂಡಸರು, ಪಿಟೀಲು, ಕೊಳಲು. ಇಷ್ಟೇ ಅವಳ ಲಿಪಿ. ಬೇಕಾದ ಸಾಲನ್ನು ಹೆಸರು ಹಿಡಿದು ಹುಡುಕುತ್ತಿದ್ದಳು, ಕೇಳುತ್ತಿದ್ದಳು, ತಿದ್ದುತ್ತಿದ್ದಳು.

ಶಾಲೆಗೆ ಇಪ್ಪತ್ತೈದು ವರ್ಷ ತುಂಬುವ ಉತ್ಸವಕ್ಕೆಂದು ಅವಳು ಒಂದು ದೊಡ್ಡ ಹಾಡು ಕಟ್ಟಿದಳು. ಅವಳ ತಂದೆ ಮಗ್ಗದ ಕೆಲಸದವನು. ಲಾಳಿ ಓಡುವ ಸದ್ದನ್ನು ಏಳು ಮಾತ್ರೆಗೆ ಹೊಂದಿಸಿ, ಭೀಮಪಲಾಸ ರಾಗದಲ್ಲಿ ನಲವತ್ತೆಂಟು ಸಾಲು ಮಾಡಿದಳು. ಹಾಡುವವರು ಇಪ್ಪತ್ತೆರಡು ಜನ. ಅವರಲ್ಲಿ ನೇಯುವ ಹೆಂಗಸರಿದ್ದರು, ಒಬ್ಬ ಬಸ್ ಕಂಡಕ್ಟರ್ ಇದ್ದ, ಆಸ್ಪತ್ರೆಯ ನರ್ಸ್ ರೇಣವ್ವ ಇದ್ದಳು. ಹಾಡು ಮುಗಿಸಲು ಅವಳಿಗೆ ಎರಡು ವರ್ಷ ಹಿಡಿದಿತ್ತು.

ಹಾಡು ಮುಗಿದ ವರ್ಷವೇ ಶಾಲೆಗೆ ಹೊಸ ಪ್ರಾಂಶುಪಾಲರು ಬಂದರು. ಅವರು ಒಂದು ತಂತ್ರಾಂಶ ತರಿಸಿದರು. ತೆರೆಯ ಮೇಲೆ ಐದು ಗೆರೆ ಮೂಡುತ್ತದೆ. ಮೌಸಿನಿಂದ ಸ್ವರದ ಬೊಟ್ಟನ್ನು ಹಿಡಿದು ಗೆರೆಯ ಮೇಲೆ ಅಥವಾ ಗೆರೆಗಳ ನಡುವೆ ಬಿಡಬೇಕು. ಇನ್ನು ಮುಂದೆ ಎಲ್ಲ ಹಾಡುಗಳೂ ಅದರಲ್ಲೇ ಇರಬೇಕು, ಬೇರೆ ರೀತಿಯಲ್ಲಿ ಬರೆದದ್ದನ್ನು ಶಾಲೆ ಸ್ವೀಕರಿಸುವುದಿಲ್ಲ ಎಂದು ಸುತ್ತೋಲೆ ಹೊರಡಿಸಿದರು.

ಶಿವಲೀಲಾ ಅವರ ಕೋಣೆಗೆ ಹೋದಳು.

“ಸಾರ್, ನನ್ನ ಕಂಪ್ಯೂಟರ್ ಆ ಪುಟವನ್ನು ಓದುವುದಿಲ್ಲ. ಅದಕ್ಕೆ ಅದು ಬರೀ ಚಿತ್ರ. ನಾನು ಹೇಗೆ ಬರೆಯಲಿ?”

“ನೀವೇಕೆ ಕಷ್ಟಪಡುತ್ತೀರಿ? ನಿಮ್ಮ ಹಾಡನ್ನು ಬೇರೆಯವರು ಹಾಕಿಕೊಡುತ್ತಾರೆ.”

“ಹಾಕಿದ ಮೇಲೆ ಸರಿಯಾಗಿದೆಯೋ ಇಲ್ಲವೋ ಎಂದು ನಾನು ಹೇಗೆ ತಿಳಿಯಲಿ?”

“ನಾವೆಲ್ಲ ಇದ್ದೇವಲ್ಲ,” ಎಂದರು ಪ್ರಾಂಶುಪಾಲರು.

ಕೆಲಸ ಪಿಟೀಲು ಮಾಸ್ತರರಾದ ವಾಮನರಾಯರ ಪಾಲಿಗೆ ಬಂತು. ಅವರು ಒಳ್ಳೆಯವರು. ಮೂರು ವಾರ ತೆರೆಯ ಮುಂದೆ ಕುಳಿತರು. ಒಂದು ಬೊಟ್ಟು ಅಕ್ಕಿಕಾಳಿನಷ್ಟು ಮೇಲೆ ಸರಿದರೆ ಧ ಹೋಗಿ ನಿ ಆಗುತ್ತಿತ್ತು. ಒಂದು ಸಾಲಿಗೆ ಒಂದು ಸ್ವರ ಸೇರಿಸಿದರೆ ಮುಂದಿನ ಸಾಲುಗಳೆಲ್ಲ ಸರಿದು, ಹಾಡಿನ ಮಾತು ಬೇರೆ ಸ್ವರದ ಕೆಳಗೆ ಹೋಗಿ ಕೂರುತ್ತಿತ್ತು. ಅವರು ಮತ್ತೆ ಮೊದಲಿನಿಂದ ಎಳೆದು ಕೂರಿಸುತ್ತಿದ್ದರು. ದಿನದ ಹೆಚ್ಚು ಹೊತ್ತು ಪುಟವನ್ನು ಸರಿಪಡಿಸುವುದರಲ್ಲೇ ಹೋಯಿತು. ಹಾಡನ್ನು ಸರಿಪಡಿಸಲು ಅವರಿಗೆ ಬಿಡುವು ಸಿಗಲಿಲ್ಲ.

ಕೊನೆಗೆ ಪುಟಗಳು ಸಿದ್ಧವಾದವು. ನಲವತ್ತು ಪ್ರತಿ ಅಚ್ಚು ಹಾಕಿಸಿ ಹೊಲಿಸಿದರು. ಪ್ರಾಂಶುಪಾಲರು ಅದನ್ನು ಶಿಕ್ಷಕರಿಗೆಲ್ಲ ತೋರಿಸಿದರು. ಆಡಳಿತ ಮಂಡಳಿಯವರು ಹಾಳೆ ಮಗುಚಿ ನೋಡಿ, ಬಹಳ ಚೆನ್ನಾಗಿದೆ ಎಂದರು. ಒಬ್ಬರಂತೂ ಇದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು ಎಂದರು. ಶಿವಲೀಲಾಳ ಕೈಗೂ ಒಂದು ಪ್ರತಿ ಕೊಟ್ಟರು. ಅವಳು ಹಾಳೆಯ ಮೇಲೆ ಬೆರಳಾಡಿಸಿದಳು. ನುಣುಪಾಗಿತ್ತು. ಅವಳ ಎರಡು ವರ್ಷದ ಕೆಲಸ ಅದರಲ್ಲಿತ್ತು, ಅವಳಿಗೆ ಅದರ ಒಂದಕ್ಷರವೂ ಸಿಗುತ್ತಿರಲಿಲ್ಲ.

ಉತ್ಸವಕ್ಕೆ ಹತ್ತು ದಿನ ಇರುವಾಗ ಎಲ್ಲರೂ ಪುಟ ಹಿಡಿದು ಅಭ್ಯಾಸಕ್ಕೆ ಕುಳಿತರು. ಗೆರೆ ಓದುವುದನ್ನು ವಾಮನರಾಯರು ಅವರಿಗೆ ಕಲಿಸಿದ್ದರು. ಏಳನೆಯ ಸಾಲಿಗೆ ಬಂದಾಗ ಶಿವಲೀಲಾ ಹಾರ್ಮೋನಿಯಂ ನಿಲ್ಲಿಸಿದಳು.

“ಯಾರದು ಶುದ್ಧ ಗಾಂಧಾರ ಹಾಡಿದ್ದು? ಭೀಮಪಲಾಸದಲ್ಲಿ ಅದು ಎಲ್ಲಿಂದ ಬಂತು?”

ಎಲ್ಲರೂ ಪುಟ ನೋಡಿದರು. ರೇಣವ್ವ ಮೆಲ್ಲಗೆ ಹೇಳಿದಳು: “ಇಲ್ಲಿ ಹಾಗೇ ಇದೆ, ಟೀಚರ್.”

“ಈ ಹಾಡು ಕಟ್ಟಿದ್ದು ಆ ಪುಟವೋ, ನಾನೋ?”

ಅವಳು ಮತ್ತೆ ಹಾರ್ಮೋನಿಯಂ ಹಿಡಿದಳು. ಮುಂದೆ ಹನ್ನೊಂದನೆಯ ಸಾಲಿನಲ್ಲಿ ಇನ್ನೊಂದು ತಪ್ಪು ಕೇಳಿಸಿತು. ಅವಳು ಎದ್ದು ನೇರವಾಗಿ ಪ್ರಾಂಶುಪಾಲರ ಕೋಣೆಗೆ ಹೋದಳು. ಅವರು ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ಹೇಳಿದರು:

“ಪುಟವನ್ನು ನಾವೆಲ್ಲ ನೋಡಿದ್ದೇವೆ, ಶಿವಲೀಲಾ ಅವರೇ. ನೀವು ನೋಡಿಲ್ಲ. ಎರಡು ವರ್ಷದ ಹಾಡು, ನಿಮಗೇ ಮರೆತಿರಬಹುದು.”

ಅವಳ ಮೈ ಉರಿದುಹೋಯಿತು. ಬಾಯಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ತಾನು ಕೂಗಾಡಿದರೆ ಕೂಗಾಡಿದ್ದಷ್ಟೇ ಊರಿಗೆ ನೆನಪಿರುತ್ತದೆ, ಗಾಂಧಾರದ ಮಾತು ಯಾರಿಗೂ ನೆನಪಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮರುದಿನ ಮಧ್ಯಾಹ್ನ ಅವಳು ವಾಮನರಾಯರನ್ನು ತನ್ನ ಪಕ್ಕ ಕೂರಿಸಿಕೊಂಡಳು.

“ರಾಯರೇ, ಪುಟದಲ್ಲಿ ಏನಿದೆಯೋ ಅದನ್ನು ಹಾಗೆಯೇ ಓದಿ. ನೀವೇ ತಿದ್ದಿ ಓದಬೇಡಿ.”

ಅವರು ಒಂದೊಂದೇ ಸ್ವರ ಓದಿದರು. ಅವಳು ಒಂದೊಂದನ್ನೂ ತನ್ನ ಅಕ್ಷರಗಳಲ್ಲಿ ಒತ್ತಿದಳು. ಏಳನೆಯ ಸಾಲಿನಲ್ಲಿ ರಾಯರ ದನಿ ತಡವರಿಸಿತು. ಅವಳು ಒತ್ತುತ್ತಲೇ ಹೋದಳು. ಹನ್ನೊಂದರಲ್ಲಿ ಮತ್ತೆ ತಡವರಿಸಿತು. ನಲವತ್ತೆಂಟು ಸಾಲು ಮುಗಿಯುವಷ್ಟರಲ್ಲಿ ಸಂಜೆಯಾಯಿತು.

ಈಗ ಅವಳ ಬಳಿ ಎರಡು ಬರಹ ಇದ್ದವು. ಒಂದು ಅವಳದು, ಇನ್ನೊಂದು ಪುಟದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಎಲ್ಲೆಲ್ಲಿ ಬೇರೆಯಾಗಿದೆ ಹೇಳು ಎಂದು ಕಂಪ್ಯೂಟರಿಗೆ ಕೊಟ್ಟಳು. ಅಕ್ಷರವನ್ನು ಅಕ್ಷರಕ್ಕೆ ಹೋಲಿಸಲು ಅದಕ್ಕೆ ಒಂದು ಉಸಿರಿನ ಹೊತ್ತೂ ಬೇಕಾಗಲಿಲ್ಲ. ಹತ್ತೊಂಬತ್ತು ಕಡೆ ಬೇರೆಯಾಗಿತ್ತು.

ವಾಮನರಾಯರು ತಲೆ ತಗ್ಗಿಸಿದರು. “ಮೂರು ವಾರ ಅದರ ಮುಂದೆಯೇ ಕುಳಿತಿದ್ದೆ. ಒಂದೂ ಗೊತ್ತಾಗಲಿಲ್ಲವಲ್ಲ, ತಾಯಿ.”

“ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ರಾಯರೇ. ತಪ್ಪನ್ನು ಹುಡುಕುವ ದಾರಿಯನ್ನೇ ಮುಚ್ಚಿ, ತಪ್ಪೇ ಇಲ್ಲ ಎನ್ನುತ್ತಾರಲ್ಲ, ಅವರ ಮೇಲೆ.”

ಶಿಕ್ಷಕರ ಸಭೆಯಲ್ಲಿ ಅವಳು ಹತ್ತೊಂಬತ್ತನ್ನೂ ಓದಿದಳು. ಸಾಲಿನ ಸಂಖ್ಯೆ, ತಾನು ಬರೆದ ಸ್ವರ, ಪುಟದಲ್ಲಿರುವ ಸ್ವರ. ಎಲ್ಲರೂ ಹಾಳೆ ಮಗುಚಿ ಒಂದೊಂದನ್ನೇ ಹುಡುಕಿದರು. ಹೇಳಿದ ಕಡೆಯಲ್ಲೇ ಒಂದೊಂದೂ ಸಿಕ್ಕಿತು.

ಪ್ರಾಂಶುಪಾಲರು ಕೆಮ್ಮಿದರು. “ಅಚ್ಚಾಗಿ ಹೋಗಿದೆ. ಇರುವುದು ಎಂಟೇ ದಿನ. ಕೇಳಲು ಬರುವವರಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ? ಈ ಸಲಕ್ಕೆ ಹೀಗೇ ಹಾಡಿಬಿಡಲಿ.”

ಶಿವಲೀಲಾ ಎದ್ದು ನಿಂತಳು.

“ಕೇಳಲು ಬರುವವರು ನನ್ನ ಅಪ್ಪನ ಜೊತೆ ಮಗ್ಗ ಹೊಡೆದವರು. ಒಂದು ಎಳೆ ತಪ್ಪಿದರೆ ನೇಯ್ದದ್ದನ್ನು ಬಿಚ್ಚಿ ಮತ್ತೆ ನೇಯುವ ಜನ. ಅವರಿಗೆ ತಿಳಿಯುವುದಿಲ್ಲ ಎಂದು ಹೇಳಲು ನಿಮಗೆ ನಾಚಿಕೆಯಾಗಬೇಕು. ನನಗೆ ಮರೆವು ಎಂದಿರಿ. ಈಗ ತಪ್ಪು ಕಣ್ಣೆದುರಿಗಿದೆ, ಹೀಗೇ ಇರಲಿ ಎನ್ನುತ್ತೀರಿ. ಹೀಗೆ ಹಾಡುವುದಾದರೆ ನನ್ನ ಹಾಡು ಬೇಡ. ನಾನು ವಾಪಸು ತೆಗೆದುಕೊಳ್ಳುತ್ತೇನೆ.”

“ಪುಟವನ್ನು ಎಂಟು ದಿನದಲ್ಲಿ ತಿದ್ದಲು ಆಗುತ್ತದೆಯೇ, ರಾಯರೇ?” ಎಂದು ಪ್ರಾಂಶುಪಾಲರು ಕೇಳಿದರು.

“ಆಗುವುದಿಲ್ಲ,” ಎಂದರು ವಾಮನರಾಯರು. “ಒಂದನ್ನು ಮುಟ್ಟಿದರೆ ಹತ್ತು ಕದಲುತ್ತವೆ. ಇವರ ಅಕ್ಷರದ ಬರಹ ಇದೆಯಲ್ಲ, ಅದನ್ನೇ ಕೊಡೋಣ. ಸರಿಯಾದ ಅಕ್ಷರವಿದ್ದರೆ ಅದರಿಂದ ಅಂದದ ಪುಟ ಮಾಡಿಕೊಡುವ ತಂತ್ರಾಂಶವೂ ಇದೆಯಂತೆ. ನನಗೆ ಮೊದಲೇ ತಿಳಿದಿದ್ದರೆ ಮೂರು ವಾರ ಉಳಿಯುತ್ತಿತ್ತು.”

ಪ್ರಾಂಶುಪಾಲರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕಾಗದಗಳನ್ನು ಜೋಡಿಸಿಕೊಂಡು ಎದ್ದು ಹೋದರು.

ಅಂದೇ ಶಿವಲೀಲಾ ತನ್ನ ಬರಹವನ್ನು ಇಪ್ಪತ್ತೆರಡು ಜನರ ಫೋನಿಗೂ ಸಂದೇಶದ ಹಾಗೆ ಕಳುಹಿಸಿದಳು. ತೆರೆಯಲು ಯಾವ ತಂತ್ರಾಂಶವೂ ಬೇಕಿರಲಿಲ್ಲ. ಹಳೆಯ ಫೋನಿನವರಿಗೂ ಹೊಸ ಫೋನಿನವರಿಗೂ ಅವೇ ಅಕ್ಷರಗಳು ಕಂಡವು. ಕಂಡಕ್ಟರ್ ಬಸ್ಸು ಊರಿನ ಕೊನೆಯಲ್ಲಿ ನಿಂತಾಗ ತನ್ನ ಸಾಲು ಕಲಿತ. ರೇಣವ್ವ ಚಹಾದ ಬಿಡುವಿನಲ್ಲಿ ಕಲಿತಳು. ನೇಯುವ ಹೆಂಗಸರಲ್ಲಿ ಒಬ್ಬಳು ಗಟ್ಟಿಯಾಗಿ ಓದಿದಳು, ಉಳಿದವರು ಮಗ್ಗ ಬಿಡದೆ ಕೇಳಿ ಕಲಿತರು.

ನಾಲ್ಕನೆಯ ದಿನ ಗಂಡಸರ ಸಾಲು ಅವರ ದನಿಗೆ ಎತ್ತರವಾಗುತ್ತಿದೆ ಎಂದು ಗೊತ್ತಾಯಿತು. ಶಿವಲೀಲಾ ‘ಗಂಡಸರು’ ಎಂದು ಮೊದಲಾಗುವ ಸಾಲುಗಳನ್ನಷ್ಟೇ ಹುಡುಕಿ ಬದಲಿಸಿದಳು. ಉಳಿದ ಒಂದು ಸ್ವರವೂ ಕದಲಲಿಲ್ಲ. ಬದಲಾದ ಸಾಲುಗಳು ಯಾವುವು ಎಂಬ ಪಟ್ಟಿಯನ್ನೂ ಅಂದು ಮಧ್ಯಾಹ್ನದೊಳಗೆ ಎಲ್ಲರಿಗೂ ಕಳುಹಿಸಿದಳು.

ಉತ್ಸವದ ದಿನ ಅವರು ಚೆನ್ನಾಗಿ ಹಾಡಿದರು. ಏಳನೆಯ ಸಾಲಿನ ಕೋಮಲ ಗಾಂಧಾರ ಬಂದಾಗ ಮುಂದೆ ಕುಳಿತಿದ್ದ ಮುದುಕನೊಬ್ಬ ಆಹಾ ಎಂದ.

ಆಮೇಲೆ ಪ್ರಾಂಶುಪಾಲರ ಭಾಷಣ. ಆಧುನಿಕ ಸ್ವರಲಿಪಿಯ ಪುಸ್ತಕವೇ ಈ ವರ್ಷದ ಸಾಧನೆ ಎಂದು ಅವರು ಹೇಳಿದರು. ಆ ಪುಸ್ತಕವನ್ನು ಎತ್ತಿ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಹತ್ತೊಂಬತ್ತು ತಪ್ಪೂ ಅದರೊಳಗೆ ಹಾಗೆಯೇ ಇದ್ದವು. ವೇದಿಕೆಯ ಮೇಲೆ ಶಿವಲೀಲಾ ಕೆನ್ನೆ ಕೆಂಪಾಗಿ ಕುಳಿತಿದ್ದಳು.

ಮರುದಿನ ಅವಳು ಆಡಳಿತ ಮಂಡಳಿಗೆ ಕಾಗದ ಬರೆದಳು. ಅಕ್ಷರದಲ್ಲಿ ಬರೆದ ಹಾಡನ್ನು ಶಾಲೆ ಸ್ವೀಕರಿಸಬೇಕು, ಇಲ್ಲವಾದರೆ ತನ್ನ ರಾಜೀನಾಮೆಯನ್ನು ಸ್ವೀಕರಿಸಬೇಕು. ವಾಮನರಾಯರೂ ಅದರ ಕೆಳಗೆ ಸಹಿ ಹಾಕಿದರು. ಹದಿನೈದು ದಿನದ ಮೇಲೆ ಉತ್ತರ ಬಂತು. ಶ್ರೀಮತಿ ಶಿವಲೀಲಾ ಅವರ ದೈಹಿಕ ಸ್ಥಿತಿಯನ್ನು ಪರಿಗಣಿಸಿ, ಅವರಿಗೆ ಮಾತ್ರ ವಿಶೇಷ ರಿಯಾಯಿತಿ ನೀಡಲಾಗಿದೆ ಎಂದು ಅದರಲ್ಲಿತ್ತು.

ಅವಳು ಅದನ್ನು ಎರಡು ಸಲ ಓದಿಸಿಕೊಂಡಳು. ತಪ್ಪು ಮಾಡಿದವರು ತನ್ನನ್ನು ಕ್ಷಮಿಸಿದ ಹಾಗಿತ್ತು ಆ ಕಾಗದ. ಅವಳು ಅದನ್ನು ಮಡಿಸಿ, ಅದೇ ಲಕೋಟೆಗೆ ಹಾಕಿ ಹಿಂದಕ್ಕೆ ಕಳುಹಿಸಿದಳು. ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿ ಮನೆಗೆ ಹೋದಳು. ಒಂದು ತಿಂಗಳು ಶಾಲೆಗೆ ಕಾಲಿಡಲಿಲ್ಲ. ಹಾಡುವವರು ಅವಳ ಮನೆಯ ಜಗುಲಿಗೇ ಅಭ್ಯಾಸಕ್ಕೆ ಬರತೊಡಗಿದರು. ಶಾಲೆಯ ದೊಡ್ಡ ಕೋಣೆ ಖಾಲಿ ಉಳಿಯಿತು. ಆಮೇಲೆ ಮಂಡಳಿಯಿಂದ ಇನ್ನೊಂದು ಕಾಗದ ಬಂತು. ಅದರಲ್ಲಿ ರಿಯಾಯಿತಿ ಎಂಬ ಪದ ಇರಲಿಲ್ಲ, ಅವಳ ಹೆಸರೂ ಇರಲಿಲ್ಲ. ಯಾರು ಬೇಕಾದರೂ ಅಕ್ಷರದಲ್ಲಿ ಬರೆದು ಕೊಡಬಹುದು ಎಂದಷ್ಟೇ ಇತ್ತು. ಅವಳು ಮರುದಿನ ಕೆಲಸಕ್ಕೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: “ಆಕೆಗೆ ಆದದ್ದು ಅನ್ಯಾಯವೇ, ಗುರುಗಳೇ. ಆಕೆಗೆ ಅಕ್ಷರವೇ ಬೇಕಿತ್ತು, ನಿಜ. ಆದರೆ ನನಗೆ ಕಣ್ಣಿದೆಯಲ್ಲ?”

ಗುರುಗಳು ಹೇಳಿದರು: “ಆ ಪುಟವನ್ನು ನೋಡಿ ಚೆನ್ನಾಗಿದೆ ಎಂದವರಿಗೆಲ್ಲ ಕಣ್ಣಿತ್ತು.”

ಶಿಷ್ಯ ಬಿಟ್ಟ ಸಾಲಿನಿಂದ ಮತ್ತೆ ಟೈಪು ಮಾಡತೊಡಗಿದ.