ಕುಪ್ಪಯ್ಯನ ಮನೆಯ ನೀರು

ಹೂಂ ಅನ್ನುವವರು ಇದ್ದೀರಾ? ಇದ್ದರೆ ಹೇಳುತ್ತೇನೆ. ನಡುವೆ ತೂಕಡಿಸಿದರೆ ಮತ್ತೆ ಮೊದಲಿಂದ ಹೇಳುವ ತ್ರಾಣ ನನಗಿಲ್ಲ.

ಘಟ್ಟದ ಮೇಲೆ ಹೊನ್ನಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಈರ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹೊನ್ನಮ್ಮನ ತವರು ಘಟ್ಟದ ಕೆಳಗಿನ ಪುಟ್ಟ ನಾಡು. ಈಚೆ ಗುಡ್ಡ, ಆಚೆ ಕಡಲು, ನಡುವೆ ಎಲ್ಲಿ ನೋಡಿದರೂ ಹೊಳೆ. ಅಲ್ಲಿ ಅವಳ ಅಣ್ಣ ಕುಪ್ಪಯ್ಯ ಇದ್ದ. ತನ್ನ ಮಗಳ ಮದುವೆಯಲ್ಲಿ ಅವನು ತಂಗಿಗೆ, "ನಿನ್ನ ಪೆದ್ದನನ್ನು ಮನೆಯಲ್ಲೇ ಬಿಟ್ಟು ಬರಬಾರದಿತ್ತಾ?" ಅಂದುಬಿಟ್ಟ. "ಇನ್ನು ನಿನ್ನ ಮನೆಯ ನೀರು ನನ್ನ ಗಂಟಲಲ್ಲಿ ಇಳಿಯೋದಿಲ್ಲ!" ಅಂತ ಇವಳು ಮಗನ ಕೈ ಹಿಡಿದು ಎದ್ದು ಬಂದಳು. ಆ ನಾಡಿನಲ್ಲಿ ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ. ಕುಡಿದರೆ ನಂಟು ಉಳಿಯಿತು, ಬಿಟ್ಟರೆ ಹೋಯಿತು.

ವರ್ಷಗಳು ಕಳೆದವು. ಹೊನ್ನಮ್ಮನಿಗೆ ಸಾಕಾಗಿತ್ತು. ಮೊಣಕಾಲು ನೋವು, ಏದುಸಿರು. ತಾನು ಕಣ್ಣು ಮುಚ್ಚಿದರೆ ಈರನಿಗೆ ಅನ್ನ ಹಾಕುವವರು ಯಾರು? ಅಣ್ಣ ಒಬ್ಬನೇ. ಹೇಗಾದರೂ ಅವನ ಮನೆಯ ನೀರು ಕುಡಿದು, ಮಗನನ್ನು ಅವನ ಕೈಗೆ ಒಪ್ಪಿಸಬೇಕು.

"ಮಗಾ, ಅಲ್ಲಿ ಯಾರು ನೀರು ಕೊಟ್ರೂ ಬೇಡ ಅನ್ನಬೇಡ. ಪೂರ್ತಿ ಕುಡಿ!"

"ಹೂಂ ಅಬ್ಬೆ!"

ಘಟ್ಟ ಇಳಿದು, ದೋಣಿಗೆ ಕಾಯುತ್ತಾ ಅಂಬಿಗನ ಅಂಗಳದಲ್ಲಿ ಕೂತರು. ಅಂಬಿಗನ ಹೆಂಡತಿ ಬಂಗುಡೆ ಮೀನು ತೊಳೆಯುತ್ತಿದ್ದಳು. "ತಮ್ಮಾ, ಈ ನೀರು ಒಂಚೂರು ಹಿಡಿ" ಅಂದಳು. ಈರ ಹಿಡಿದ. ಗಟಗಟ, ಗಟಗಟ. ಪಾತ್ರೆ ಖಾಲಿ!

"ಅಯ್ಯಯ್ಯೋ! ಮೀನು ತೊಳೆದ ನೀರಲ್ಲವೇನೋ ಅದು!"

"ನೀನೇ ಹೇಳಿದ್ಯಲ್ಲೇ ಅಬ್ಬೆ!"

"ಥೂ ಪೆದ್ದೇ! ಅದನ್ನ ತೆಂಗಿನ ಬುಡಕ್ಕೆ ಹೊಯ್ಯಬೇಕು!"

"ಹಂಗೇ ಮಾಡ್ತೆ ಅಬ್ಬೆ!"

ಹೊಳೆ ದಾಟಿದರು. ಹೊನ್ನಮ್ಮ ಅತ್ತ ಇತ್ತ ನೋಡುತ್ತಾ ನಡೆದಳು. ಚಿಕ್ಕಂದಿನಲ್ಲಿ ಆಡಿದ ಮರಳುದಿಣ್ಣೆ, ಉಪ್ಪಿನ ಗದ್ದೆ, ಎಲ್ಲಾ ಇದ್ದಲ್ಲೇ ಇದ್ದವು. ಅವಳನ್ನು ಗುರುತು ಹಿಡಿಯುವವರು ಮಾತ್ರ ಯಾರೂ ಇರಲಿಲ್ಲ. ಕಡೆಗೆ ಒಬ್ಬ ಮುದುಕ, "ಯಾರ ಮಗಳು ನೀನು?" ಅಂತ ಕೇಳಿ, ಜಗಲಿಗೆ ಕರೆದು, ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತರಿಸಿದ. ಈರ ಚೊಂಬು ಎತ್ತಿದ, ಅಂಗಳಕ್ಕಿಳಿದ, ತೆಂಗಿನ ಬುಡಕ್ಕೆ ಹೊಯ್ದ. ಬೆಲ್ಲವನ್ನೂ ಅಲ್ಲೇ ಹೂತ.

"ನನ್ನ ಮನೆ ನೀರು ಅಷ್ಟು ಹೊಲಸಾ? ಏಳಿ, ನಡೀರಿ!" ಅಂದ ಮುದುಕ.

"ನೀನೇ ಹೇಳಿದ್ಯಲ್ಲೇ ಅಬ್ಬೆ!"

"ಅಯ್ಯೋ ನನ್ನ ಕರ್ಮವೇ! ನಿನಗೆ ಬೇಡದಿದ್ರೆ ಇನ್ನೊಬ್ಬರ ಮುಂದಿಡು. ಕೈ ಮುಗಿ. 'ತಗೊಳ್ಳಿ, ಸಂಕೋಚ ಬೇಡ' ಅನ್ನು!"

ಇನ್ನೊಂದು ಹೊಳೆ. ಇನ್ನೊಂದು ಮನೆ. ಹೊನ್ನಮ್ಮ ನೆರಳು ಕಂಡಲ್ಲೇ ಒರಗಿದಳು. ಆ ಮನೆಯ ಹೆಂಗಸಿನ ಕರುವಿಗೆ ಹೊಟ್ಟೆ ಉಬ್ಬರಿಸಿತ್ತು. "ತಮ್ಮಾ, ಈ ಕಷಾಯ ಕರುವಿಗೆ ಕುಡಿಸ್ತೀಯಾ?" ಅಂತ ಪಾತ್ರೆಯ ಜೊತೆ ಗೊಟ್ಟವನ್ನೂ ಕೊಟ್ಟಳು. ಗೊಟ್ಟ ಅಂದರೆ ದನಗಳ ಬಾಯಿಗೆ ಔಷಧಿ ಹೊಯ್ಯುವ ಬಿದಿರಿನ ಕೊಳವೆ. ಈರ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಪಾತ್ರೆಯನ್ನು ಕರುವಿನ ಮುಂದಿಟ್ಟು ಕೈ ಮುಗಿದ.

"ತಗೊಳ್ಳಿ, ಸಂಕೋಚ ಬೇಡ."

ಕರು ತಗೊಳ್ಳಲಿಲ್ಲ. ಈರ ಕಾದ. ಬಿಸಿಲು ಇಳಿಯಿತು. "ಇವರಿಗೆ ಬೆಲ್ಲ ಬೇಕಂತೆ!" ಅಂತ ಕೂಗಿದ. ಕರು ಪಾತ್ರೆಯನ್ನೇ ಒದ್ದಿತು. ಸದ್ದಿಗೆ ಹೊನ್ನಮ್ಮ ಎದ್ದು ಬಂದಳು.

"ನೀನೇ ಹೇಳಿದ್ಯಲ್ಲೇ ಅಬ್ಬೆ!"

"ಬಾಯಿ ಮುಚ್ಚಿಕೊಂಡು ಕೂತ್ರೆ ಹಾಗೆ ಬಿಡ್ತಾರೇನೋ! ಹಿಂದಿನಿಂದ ಹಿಡಿ! ಗದ್ದ ಎತ್ತು! ಗೊಟ್ಟ ಇಡು, ಹೊಯ್ಯಿ! ಮೂಗು ಹಿಡಿದ್ರೆ ತಾನಾಗೇ ನುಂಗ್ತದೆ!"

ಆ ಹೆಂಗಸು ಬೈದುಕೊಂಡು ಬೇರೆ ಕಷಾಯ ಕಾಸಲು ಹೋದಳು. ಹೊನ್ನಮ್ಮ ಮಗನನ್ನು ಎಳೆದುಕೊಂಡು ಹೊರಟಳು. ದಾರಿಯಲ್ಲಿ ಅತ್ತಳು. ಇಂಥವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಮಗನ ಸೊಂಟದಲ್ಲಿ ಗೊಟ್ಟ ಹಾಗೇ ಉಳಿದದ್ದನ್ನು ನೋಡುವಷ್ಟೂ ಅವಳಿಗೆ ಕಣ್ಣು ನೆಟ್ಟಗಿರಲಿಲ್ಲ.

ಸಂಜೆ ಹೊತ್ತಿಗೆ ಅಣ್ಣನ ಮನೆ ಮುಟ್ಟಿದರು. ಕುಪ್ಪಯ್ಯ ಜಗಲಿಯ ಈ ತುದಿಯಲ್ಲಿ ಕೂತ. ಹೊನ್ನಮ್ಮ ಆ ತುದಿಯಲ್ಲಿ ಕೂತಳು. ಅತ್ತಿಗೆ ನೀರು, ಬೆಲ್ಲ ತಂದು ನಡುವೆ ಇಟ್ಟು ಒಳಗೆ ಹೋದಳು. "ಕುಡಿ" ಅನ್ನಲು ಅಣ್ಣನಿಗೆ ಬಾಯಿ ಬರಲಿಲ್ಲ. ಕೈ ಚಾಚಲು ತಂಗಿಗೆ ಮನಸ್ಸು ಬಗ್ಗಲಿಲ್ಲ. ಇದಕ್ಕೇ ಇಷ್ಟು ದೂರ ಬಂದವಳು ಚೊಂಬನ್ನೇ ನೋಡುತ್ತಾ ಕೂತಳು. ತಾನು ಅಂದು ಆಡಿದ ಮಾತು ಗಂಟಲಿಗೆ ಅಡ್ಡ ನಿಂತಿತ್ತು.

ಕಡೆಗೆ ಕುಪ್ಪಯ್ಯ ಎತ್ತಲೋ ನೋಡುತ್ತಾ, "ಹೋಗೋದಾದ್ರೆ ಕಡೇ ದೋಣಿ ಇನ್ನೂ ಇದೆ" ಅಂದ.

"ಅಬ್ಬೆ ಬಾಯಿ ಮುಚ್ಚಿಕೊಂಡು ಕೂತಿದಾಳೆ!" ಅಂದ ಈರ. ಹಿಂದಿನಿಂದ ಬಂದ. ಗದ್ದ ಎತ್ತಿದ. ಗೊಟ್ಟ ಇಟ್ಟ. ಚೊಂಬು ಬಗ್ಗಿಸಿದ. ಮೂಗು ಹಿಡಿದ. ಗುಳುಕ್!

"ಏ! ಏ! ಎಂತ ಮಾಡ್ತೀಯೋ!" ಹೊನ್ನಮ್ಮ ಕೆಮ್ಮಿದಳು, ಕೆಮ್ಮಿದಳು.

"ನೀನೇ ಹೇಳಿದ್ಯಲ್ಲೇ ಅಬ್ಬೆ!"

ಕುಪ್ಪಯ್ಯ ಕಣ್ಣು ಕಣ್ಣು ಬಿಟ್ಟ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಾ ನಗುತ್ತಾ ಅತ್ತ. "ಇಳೀತಲ್ಲೇ ಹೊನ್ನೀ! ನನ್ನ ಮನೆ ನೀರು ನಿನ್ನ ಗಂಟಲಲ್ಲಿ ಇಳೀತಲ್ಲೇ! ನಿನ್ನ ಪೆದ್ದನನ್ನ ಈ ಮನೆಯಲ್ಲೇ ಬಿಡೇ! ನೀನೂ ಇಲ್ಲೇ ಇರೇ!" ಅಂದವನೇ ತುಟಿ ಕಚ್ಚಿ, ಬಾಯಿ ಮುಚ್ಚಿ ಕೂತ.

ಬಾಯಿ ಮುಚ್ಚಿ ಕೂತದ್ದನ್ನು ಈರ ನೋಡಿದ. ಚೊಂಬಿನಲ್ಲಿ ಇನ್ನೂ ನೀರಿತ್ತು. ಮಾವನ ಹಿಂದೆ ಹೋಗಿ ಗದ್ದ ಎತ್ತಿದ.

"ಅಬ್ಬೇ, ಮಾವ ತುಂಬಾ ಒದೀತಾನೆ! ಮೂಗು ನೀನು ಹಿಡಿ!"

ಹೊನ್ನಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಎದ್ದು ಬಂದು ಹಿಡಿದಳು.